ಸೊಯಿಂತುಲಕ್ಕೆ ಒಮ್ಮೆ ಹೋಗಿ ಬಾ

ಚಿ. ವಿನಯನಿಗೆ ಮಾವನ ಆಶೀರ್ವಾದಗಳು.

ನೀವು ಐವರು ಸ್ನೇಹಿತರು ಸೇರಿ ಇಲ್ಲೇ ಕೆನಡಾದಲ್ಲಿ ಜಮೀನು ತಗೊಂಡು, ಒಂದೇ ಅಡುಗೆಮನೆ ಇಟ್ಟುಕೊಂಡು ಬದುಕುತ್ತೀರಂತೆ. ನಿನ್ನಮ್ಮ ಫೋನ್ ಮಾಡಿ ಗಾಬರಿಪಟ್ಟಳು. ನನಗೆ ಗಾಬರಿಯೇನಿಲ್ಲ. ಆದರೆ ಸಹಿ ಹಾಕುವ ಮುಂಚೆ ಇಲ್ಲಿನ ಪಶ್ಚಿಮ ಕರಾವಳಿಯ ಮಾಲ್ಕಮ್ ದ್ವೀಪದಲ್ಲಿರುವ ಸೊಯಿಂತುಲಕ್ಕೆ ಹೋಗಿ ಬಾ. ಪುಟ್ಟ ಹಳ್ಳಿ. ಪೋರ್ಟ್ ಮೆಕ್‌ನೀಲ್‌ನಿಂದ ಫೆರಿ ಹತ್ತಿದರೆ ಅರ್ಧ ಗಂಟೆಯೂ ಬೇಡ.

ಫಿನ್ನಿಶ್ ಭಾಷೆಯಲ್ಲಿ ಆ ಹೆಸರಿಗೆ ಸಾಮರಸ್ಯದ ಊರು ಅಂತ ಅರ್ಥ. ನಾನಿರುವ ಈ ನನೈಮೊ ಸುತ್ತಲಿನ ಕಲ್ಲಿದ್ದಲು ಗಣಿಗಳಲ್ಲಿ ಬೇಸತ್ತಿದ್ದ ಫಿನ್ಲೆಂಡಿನವರು, ಮತ್ತಿ ಕುರಿಕ್ಕ ಎಂಬ ಪತ್ರಕರ್ತನನ್ನು ಆಸ್ಟ್ರೇಲಿಯಾದಿಂದ ಕರೆಸಿಕೊಂಡರು. ಭಾರೀ ಮಾತುಗಾರ. 1901ರಲ್ಲಿ ಕಂಪನಿ ಕಟ್ಟಿ, ಸರ್ಕಾರದೊಂದಿಗೆ ಕರಾರು ಮಾಡಿಕೊಂಡು ದ್ವೀಪಕ್ಕೆ ಹೋದರು. ಯಜಮಾನ ಅಂತ ಯಾರೂ ಇಲ್ಲ, ಎಲ್ಲವೂ ಎಲ್ಲರದು, ಹೆಂಗಸರಿಗೂ ಮತ. (ಆ ನೆಲ, ಕಡಲು ಮೊದಲಿಂದ ಕ್ವಾಕ್ವಾಕವಾಕ್ ಎಂಬ ಮೂಲನಿವಾಸಿ ಜನರದ್ದು. ಸರ್ಕಾರ ಯಾರದನ್ನು ಯಾರಿಗೆ ಕೊಟ್ಟಿತು ಅನ್ನುವುದು ಬೇರೆಯೇ ಕಥೆ.)

1903ರ ಜನವರಿಯಲ್ಲಿ ಅವರ ಮರದ ದೊಡ್ಡ ಮನೆಗೆ ಬೆಂಕಿ ಬಿತ್ತು. 11 ಜನ ತೀರಿಕೊಂಡರು, ಜಾಸ್ತಿ ಮಕ್ಕಳೇ. ಅಷ್ಟಾದರೂ ಊರು ಬಿಡಲಿಲ್ಲ ನೋಡು. ಅವರನ್ನು ಮುಳುಗಿಸಿದ್ದು ಸೇತುವೆ. ಸಾಲ ತೀರಿಸಲು ನಾರ್ತ್ ವ್ಯಾಂಕೂವರ್ ಕಡೆ ಕ್ಯಾಪಿಲಾನೊ, ಸೀಮೋರ್ ನದಿಗಳಿಗೆ ಸೇತುವೆ ಕಟ್ಟುವ ಗುತ್ತಿಗೆ ಹಿಡಿದರು. ಕೂಗಿದ ದರ ಎಷ್ಟು ಕಡಿಮೆಯೆಂದರೆ, ತಿಂಗಳುಗಟ್ಟಲೆ ದುಡಿದರೂ ಕೂಲಿ ಹುಟ್ಟಲಿಲ್ಲ. ಕುರಿಕ್ಕನಿಗೂ ಉಳಿದವರಿಗೂ ಜಗಳ. ಮದುವೆ ಬಗ್ಗೆ ಅವನು ಬರೆದದ್ದಕ್ಕೂ ಜಗಳವಿತ್ತು, ಅದು ನಿನಗೆ ಬೇಡ ಬಿಡು. 1904ರಲ್ಲಿ ಅವನು ಹೊರಟ, ಸುಮಾರು ಅರ್ಧ ಜನ ಅವನ ಹಿಂದೆ ಹೋದರು. 1905ರಲ್ಲಿ ಕಂಪನಿ ಮುಚ್ಚಿತು.

ನಿಮ್ಮ ಐವರಲ್ಲಿ ಕುರಿಕ್ಕ ಯಾರು? ನಿನ್ನಮ್ಮನ ಮಾತು ಕೇಳಿದರೆ ನೀನೇ ಅನ್ನಿಸುತ್ತದೆ. ಹಾಗಿದ್ದರೆ ದುಡ್ಡಿನ ಪುಸ್ತಕ ಇನ್ನೊಬ್ಬರ ಕೈಯಲ್ಲಿರಲಿ, ಕಡಿಮೆ ಮಾತಾಡುವವರ ಕೈಯಲ್ಲಿ. ಯಾರ ಪಾಲು ಎಷ್ಟು, ಬಿಟ್ಟು ಹೋಗುವವನಿಗೆ ಏನು ಸಿಗುತ್ತದೆ, ಎಲ್ಲ ಈಗಲೇ ಬರೆದಿಡಿ. ಸ್ನೇಹ ಚೆನ್ನಾಗಿರುವಾಗಲೇ ಇದನ್ನು ಕೇಳಬೇಕು. ನಾನು ಕೇಳಲಿಲ್ಲ. ಅಂಗಡಿ ಹೋಯಿತು, ಗೆಳೆಯನೂ ಹೋದ. ಆ ಕಥೆ ನಿನಗೆ ಗೊತ್ತಲ್ವಾ?

ನಾನು ಬೇಡ ಅನ್ನುತ್ತಿಲ್ಲ. ಕಂಪನಿ ಹೋದಮೇಲೂ ಕೆಲವರು ದ್ವೀಪ ಬಿಡಲಿಲ್ಲ. ಮೀನು ಹಿಡಿದರು, ಮರ ಕಡಿದರು, ತಂತಮ್ಮ ಮನೆ ಕಟ್ಟಿಕೊಂಡರು. ಆಮೇಲೆ 1909ರಲ್ಲಿ ಅವರೇ ಸೇರಿ ಸಹಕಾರಿ ಅಂಗಡಿ ತೆರೆದರು. ಇಡೀ ಬದುಕನ್ನೇ ಹಂಚಿಕೊಳ್ಳಲು ಹೋಗಿ ಸೋತವರು, ಸಾಮಾನಿನ ಅಂಗಡಿಯೊಂದನ್ನು ಹಂಚಿಕೊಂಡು ಗೆದ್ದರು. ನೂರು ವರ್ಷ ದಾಟಿದ ಅಂಗಡಿ ಅದು. ಒಳಗೆ ಹೋಗು, ಸುಮ್ನೆ ಏನಾದರೂ ಕೊಂಡುಕೋ. ಹಳ್ಳಿಯ ಮ್ಯೂಸಿಯಂ ಕೂಡ ನೋಡು.

ಹೋಗುವಾಗ ನನೈಮೊದಲ್ಲಿ ಇಳಿ. ಅಲ್ಲಿಂದ ಇನ್ನೂ ನಾಲ್ಕು ಗಂಟೆ ಕಾರಿನ ದಾರಿ, ಅತ್ತೆ ಚಿತ್ರಾನ್ನ ಕಟ್ಟಿಕೊಡುತ್ತಾಳಂತೆ. ಕರಾರಿನ ಕರಡು ಇದ್ದರೆ ತಗೊಂಡು ಬಾ. ಕನ್ನಡಕ ಹಾಕಿಕೊಂಡು ಓದುತ್ತೇನೆ.

ನಿನ್ನ ಮಾವ