ಕೀಲು ನಿಲ್ಲದ ಕಸೂತಿ ಸ್ಟ್ಯಾಂಡ್: ಹಣ ವಾಪಸ್ ಕೊಡುವ ಬಗ್ಗೆ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು

ಮಾನ್ಯರೇ,

ನಿಮ್ಮ ಆನ್‌ಲೈನ್ ಅಂಗಡಿಯಿಂದ ₹2,450 ಕೊಟ್ಟು ತರಿಸಿದ ಕಸೂತಿ ಸ್ಟ್ಯಾಂಡ್ ಬಗ್ಗೆ ಐದು ಸಲ ಫೋನ್ ಮಾಡಿದ್ದೇನೆ. ಐದು ಸಲವೂ "ನೋಟ್ ಮಾಡ್ಕೊಂಡಿದೀವಿ ಮೇಡಂ" ಅಂದರು, ಅಷ್ಟೇ. ಇನ್ನು ಫೋನ್ ಮಾಡುವುದಿಲ್ಲ. ಬರವಣಿಗೆಯಲ್ಲೇ ಕೊಡುತ್ತಿದ್ದೇನೆ.

"ಭುಜ, ಮಣಿಕಟ್ಟು ನೋವಿರುವವರಿಗಾಗಿ" ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದವರು ನೀವು. ಆ ಮಾತಿನ ಅರ್ಥ ನಿಮಗೆ ಗೊತ್ತಿರಲೇಬೇಕು. ಬಟ್ಟೆ ಬಿಗಿದ ರಿಂಗನ್ನು ಸ್ಟ್ಯಾಂಡ್ ಹಿಡಿದುಕೊಂಡರೆ ಎಡಗೈ ಬಿಡುವಾಗುತ್ತದೆ. ಬಲಗೈ ಬಟ್ಟೆಯ ಮೇಲೆ, ಎಡಗೈ ಕೆಳಗೆ, ಸೂಜಿ ಈ ಕೈಯಿಂದ ಆ ಕೈಗೆ. ಹೆಬ್ಬೆರಳ ಬುಡಕ್ಕೆ ಒತ್ತಡ ಬೀಳುವುದಿಲ್ಲ, ಮೊಣಕೈ ಪಕ್ಕೆ ಬಿಟ್ಟು ಮೇಲೇಳುವುದಿಲ್ಲ. ಭುಜ ನೋವಿರುವವರು ದಾರವನ್ನು ಸಹ ಒಂದು ಮೊಳಕ್ಕಿಂತ ಉದ್ದ ಕತ್ತರಿಸುವುದಿಲ್ಲ, ಉದ್ದವಾದಷ್ಟೂ ಪ್ರತಿ ಹೊಲಿಗೆಗೆ ತೋಳು ಚಾಚಿ ಎಳೆಯಬೇಕಾಗುತ್ತದೆ. ಹೀಗೆ ಇಂಚಿಂಚು ಲೆಕ್ಕ ಹಾಕಿ ಕೂರುವವರಿಗೆ ನೀವು ಮಾರಿರುವುದು ತಾನಾಗಿ ಕೆಳಗೆ ಬಾಗುವ ಸ್ಟ್ಯಾಂಡ್.

ದೋಷ ಎಲ್ಲಿದೆ ಎಂದು ನಾನೇ ಬಿಚ್ಚಿ ನೋಡಿದ್ದೇನೆ. ಬಾಗುವ ಕೀಲಿನಲ್ಲಿ ಎರಡು ಮರದ ಬಿಲ್ಲೆಗಳಿವೆ, ಎರಡಕ್ಕೂ ನುಣುಪಾಗಿ ವಾರ್ನಿಶ್ ಹೊಡೆದಿದ್ದೀರಿ. ನಡುವೆ ಹಲ್ಲಿರುವ ವಾಷರ್ ಇರಬೇಕಿತ್ತು, ಚಪ್ಪಟೆ ಪ್ಲಾಸ್ಟಿಕ್ ವಾಷರ್ ಇದೆ. ಕೀಲಿನಿಂದ ರಿಂಗಿನ ನಡುವಿಗೆ 11 ಇಂಚು. ಅಷ್ಟು ದೂರದಲ್ಲಿ ಸೂಜಿ ಒತ್ತಿದಾಗ ಬೀಳುವ ಭಾರವನ್ನು ನುಣುಪು ಬಿಲ್ಲೆ ತಡೆಯುವುದಿಲ್ಲ. ಬಿಗಿ ಮಾಡೋಣವೆಂದರೆ ಬೋಲ್ಟ್ ಕಬ್ಬಿಣದ್ದು, ಬೆರಳಲ್ಲಿ ತಿರುಗಿಸುವ ಕಿವಿ ನಟ್ಟು ಪ್ಲಾಸ್ಟಿಕ್ಕಿನದು. ಒಂಬತ್ತನೇ ದಿನಕ್ಕೆ ನಟ್ಟಿನ ಒಳಗಿನ ತಿರುಪು ಗೆರೆ ಸವೆದು ಆಗಾಗ ಸುಮ್ಮನೆ ಸುತ್ತತೊಡಗಿತು. ಹತ್ತು ಹೊಲಿಗೆಗೊಮ್ಮೆ ಮಣಿಕಟ್ಟು ತಿರುಚಿ ನಟ್ಟು ಬಿಗಿ ಮಾಡುವುದು ಬರಿಗೈಯಲ್ಲಿ ರಿಂಗ್ ಹಿಡಿಯುವುದಕ್ಕಿಂತ ಹೆಚ್ಚಿನ ನೋವು. ರಿಂಗ್ ಜಾರುವಾಗ ಕೈ ತಾನಾಗಿ ಅದನ್ನು ಹಿಡಿಯುತ್ತದೆ, ಬಟ್ಟೆ ಸಡಿಲವಾಗುತ್ತದೆ. ಬಟ್ಟೆಯ ಎಳೆ ಎಣಿಸಿ ಹೋಗಿ ಬಂದು ಹಾಕುವ ಗವಂತಿ ಹೊಲಿಗೆಯಲ್ಲಿ ಒಂದು ಎಳೆ ಲೆಕ್ಕ ತಪ್ಪಿದರೆ ಹಿಂದಿರುಗಿ ಬರುವ ಸಾಲು ಕೂಡುವುದೇ ಇಲ್ಲ, ಅಲ್ಲಿಯವರೆಗೆ ಬಿಚ್ಚಬೇಕು.

ಎತ್ತರವೂ ಸುಳ್ಳು. ಡಬ್ಬಿಯ ಮೇಲೆ 22ರಿಂದ 32 ಇಂಚು ಎಂದಿದೆ, ಕೊನೆಯ ರಂಧ್ರಕ್ಕೆ ಇಳಿಸಿದರೂ ಟೇಪಿನಲ್ಲಿ 28. ಐದು ಅಡಿಯ ಹೆಂಗಸು 17 ಇಂಚಿನ ಕುರ್ಚಿಯಲ್ಲಿ ಕೂತರೆ ಮೊಣಕೈ ನೆಲದಿಂದ ಸುಮಾರು 25 ಇಂಚಿಗೆ ಬರುತ್ತದೆ. ಉಳಿದ 3 ಇಂಚನ್ನು ಭುಜವೇ ಎತ್ತಿ ಹಿಡಿಯಬೇಕು.

ಕಳೆದ ಸೋಮವಾರ ಸ್ಟ್ಯಾಂಡನ್ನು ಆಟೋದಲ್ಲಿ ಹಾಕಿಕೊಂಡು ದಾವಣಗೆರೆಯ ನಿಮ್ಮ ಮಳಿಗೆಗೇ ಹೋದೆ. ಕೌಂಟರಿನವರು ಡಬ್ಬಿ ಮುಟ್ಟಲಿಲ್ಲ. "ಏನಾಗೇತಿ, ತಿರುಗಿಸಿ ತೋರಿಸ್ರಿ" ಅಂದರು. ನೋಯುವ ಕೈಯಲ್ಲೇ ತಿರುಗಿಸಿದೆ. "ಇನ್ನೂ ಗಟ್ಟಿ" ಅಂದರು. ಮತ್ತೆ ತಿರುಗಿಸಿದೆ. ಹಿಂದೆ ನಾಲ್ಕು ಜನ ಬಿಲ್ಲಿಗೆ ಕಾಯುತ್ತಾ ನೋಡುತ್ತಿದ್ದರು. ಆಮೇಲೆ ಅವರೇ ಎದ್ದು ಬಂದು ಖಾಲಿ ಸ್ಟ್ಯಾಂಡ್ ಬಿಗಿ ಮಾಡಿ, "ನೋಡ್ರಿ, ನಿಂತೈತಲ್ಲ. ನಿಮ್ ಕೈಯಾಗ ಶಕ್ತಿ ಇಲ್ಲ, ಮಾಲಿಂದೇನೂ ತಪ್ಪಿಲ್ರಿ" ಅಂದರು. ಬಟ್ಟೆ ಹಾಕಿದ ರಿಂಗ್ ಸಿಕ್ಕಿಸಿ ನೋಡಿ ಅಂದೆ. ಸಿಕ್ಕಿಸಿದರು. ನಾನು ನಾಲ್ಕನೇ ಸಲ ಸೂಜಿ ಚುಚ್ಚುವಷ್ಟರಲ್ಲಿ ಅದು ತಲೆ ಬಾಗಿತು, ಅವರ ಕಣ್ಣೆದುರೇ. ಆಗ ಬಂದ ಮಾತು: "ಅಮ್ಮಾರೆ, ಈ ವಯಸ್ಸಿಗೆ ಯಾಕ್ರಿ ಇದೆಲ್ಲಾ? ಮಗಳ ಕೈಲಿ ಮಾಡಿಸ್ರಿ." ಪಕ್ಕದ ಹುಡುಗ ನಕ್ಕ. ಬಿಲ್ಲಿನ ಹಿಂದೆ "ಬಳಕೆಯಿಂದ ಹಾನಿ" ಎಂದು ಬರೆದು ನನ್ನ ಕೈಗಿಟ್ಟರು.

ನಿಮ್ಮದೇ ವಾರಂಟಿ ಚೀಟಿಯಲ್ಲಿ ಕೀಲು ಮತ್ತು ನಟ್ಟಿಗೆ ಆರು ತಿಂಗಳು ಎಂದಿದೆ. ಬಳಸಿದರೆ ವಾರಂಟಿ ಹೋಗುತ್ತದೆ ಎಂದು ಎಲ್ಲೂ ಬರೆದಿಲ್ಲ. ನೋವಿದ್ದವರು ಕಸೂತಿ ಬಿಡಬೇಕೋ ಬೇಡವೋ ಹೇಳಲು ಕೌಂಟರಿನವರಿಗೆ ಯಾವ ಅಧಿಕಾರವೂ ಇಲ್ಲ.

ಬದಲಿ ನಟ್ಟು ಬೇಡ, ಅದೂ ಸವೆಯುತ್ತದೆ. ಪೂರ್ತಿ ಹಣ ವಾಪಸ್ ಬೇಕು, ಬಿಲ್ಲಿನ ಹಿಂದಿನ ಬರಹಕ್ಕೆ ಲಿಖಿತ ಕ್ಷಮೆ ಬೇಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಈ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕಾದವರು ನೀವೇ. ಕೊಡದಿದ್ದರೆ ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಯಾವ ಊರಿನಲ್ಲಿದ್ದರೂ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಊರಿನಲ್ಲೇ ದೂರು ಹಾಕಬಹುದು, ಈ ಮೊತ್ತಕ್ಕೆ ಶುಲ್ಕವೂ ಇಲ್ಲ. ಸವೆದ ನಟ್ಟು, ಟೇಪ್ ಹಿಡಿದು ತೆಗೆದ ಫೋಟೊ, ಆ ಬಿಲ್ಲು ಮೂರೂ ಒಂದೇ ಕವರಿನಲ್ಲಿವೆ. ಹಣದ ಜೊತೆಗೆ ಆ ಸೋಮವಾರದ ಮಾನಸಿಕ ಹಿಂಸೆಗೂ ಪರಿಹಾರ ಕೇಳುತ್ತೇನೆ.

ಸ್ಟ್ಯಾಂಡ್ ಡಬ್ಬಿಯಲ್ಲಿ ಕಟ್ಟಿಟ್ಟಿದೆ. ಒಯ್ಯಲು ಬರುವವರು ಮಹಡಿ ಹತ್ತಿ ಬಂದು ಅವರೇ ಎತ್ತಿಕೊಂಡು ಹೋಗಬೇಕು. ಇನ್ನೊಮ್ಮೆ ನಾನು ಅದನ್ನು ಎತ್ತುವುದಿಲ್ಲ.

ಇತಿ,
ನಿಮ್ಮ ಗ್ರಾಹಕಿ
ದಾವಣಗೆರೆ