ಜಾಕೋಬಿಯನ್ ಲಿಲ್ಲಿ ಎಂದು ಮಾರಿದ ಗಡ್ಡೆಗಳ ಬಗ್ಗೆ ದೂರು

ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ
ಏಪ್ರಿಲ್ 27

ಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು

ವಿಷಯ: ಒಂದು ಜಾತಿಯ ಗಡ್ಡೆಗೆ ದುಡ್ಡು ಪಡೆದು ಬೇರೆ ಜಾತಿ ಕಳಿಸಿರುವ ಕುರಿತು.

ಮಾನ್ಯರೇ,

ಕಳೆದ ವರ್ಷ ಫೆಬ್ರವರಿಯಲ್ಲಿ ನಿಮ್ಮ ಆನ್‌ಲೈನ್ ನರ್ಸರಿಯಿಂದ ಆರು ಜಾಕೋಬಿಯನ್ ಲಿಲ್ಲಿ ಗಡ್ಡೆ ತರಿಸಿದ್ದೆ. ಒಂದಕ್ಕೆ 350 ರೂಪಾಯಿ, ಕೊರಿಯರ್ 120, ಒಟ್ಟು 2,220. ಈ ತಿಂಗಳು ಕಾಫಿಗೆ ಹೂಮಳೆ ಬಿದ್ದ ಮೇಲೆ ಅವುಗಳಲ್ಲಿ ಮೂರು ಹೂ ಬಿಟ್ಟವು. ಹೂ ಕೆಂಪೇ, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಅತ್ತೆ ಎಂದೋ ದನದ ಕೊಟ್ಟಿಗೆ ಪಕ್ಕ ನೆಟ್ಟ ಮಾಮೂಲಿ ಅಮರಿಲ್ಲಿಸ್ ಅದು. ನಮ್ಮೂರಲ್ಲಿ ಯಾರ ಅಂಗಳಕ್ಕೆ ಹೋಗಿ ಕೇಳಿದರೂ ಒಂದು ಬುಟ್ಟಿ ಕಿತ್ತು ಕೊಟ್ಟು, ಕಾಫಿ ಕುಡಿಸಿ ಕಳಿಸುತ್ತಾರೆ.

ನಾನೇ ಗುರುತು ತಪ್ಪಿದೆ ಎನ್ನಬೇಡಿ. ಜಾಕೋಬಿಯನ್ ಲಿಲ್ಲಿ ಮೆಕ್ಸಿಕೋ ಕಡೆಯದು. ಒಂದು ದಂಟಿಗೆ ಸಾಮಾನ್ಯವಾಗಿ ಒಂದೇ ಹೂ. ಆರು ದಳಗಳಲ್ಲಿ ಮೂರು ಮೇಲಕ್ಕೆ ಅರಳುತ್ತವೆ. ಕೆಳಗಿನ ಮೂರು ಬುಡದಲ್ಲಿ ಕೊಳವೆಯಂತೆ ಸುತ್ತಿಕೊಂಡು ಕೇಸರಗಳನ್ನು ಹಿಡಿದಿರುತ್ತವೆ. ದೂರದಿಂದ ನೋಡಿದರೆ ಆರ್ಕಿಡ್ ಎನ್ನಬೇಕು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅದಕ್ಕಿಟ್ಟ ‘ಫಾರ್ಮೊಸಿಸ್ಸಿಮಾ’ ಎಂಬ ಹೆಸರಿನ ಅರ್ಥವೇ ‘ಅತಿ ಚೆಲುವಿನದು’. ನಿಮ್ಮ ಜಾಹೀರಾತಿನಲ್ಲಿದ್ದ ಚಿತ್ರವೂ ಅದೇ, ನಾನು ದುಡ್ಡು ಕಟ್ಟಿದ್ದೂ ಆ ಚೆಲುವಿಗೇ. ಬಂದಿದ್ದು ದಂಟಿಗೆ ಮೂರು ನಾಲ್ಕು ಹೂವಿನ, ಬಿಳಿ ಗೆರೆಯ ತುತ್ತೂರಿ.

ಅನುಮಾನ ಮೊದಲೇ ಬಂದಿತ್ತು. ಜಾಕೋಬಿಯನ್ ಲಿಲ್ಲಿಯ ಎಲೆ ಕಿರಿದಾಗಿರಬೇಕು. ಇವು ಮೂರು ಬೆರಳಗಲ ಬೆಳೆದವು. ಜುಲೈನಲ್ಲೇ ಫೋಟೋ ಸಮೇತ ನಿಮಗೆ ಬರೆದೆ. ‘ನಿಮ್ಮ ಕಡೆಯ ಹವಾಮಾನಕ್ಕೆ ಎಲೆ ಅಗಲವಾಗಿರಬಹುದು’ ಎಂದು ಉತ್ತರ ಬಂತು. ಮಲೆನಾಡಿನ ಮಳೆಗೆ ಬಹಳ ಶಕ್ತಿಯಿದೆ, ಒಪ್ಪುತ್ತೇನೆ. ಆದರೆ ಅದು ಗಡ್ಡೆಯ ಜಾತಿ ಬದಲಿಸಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಜೊತೆಗೆ ಬಂದ ಕಾರ್ಡು. ಎಂಟು ಇಂಚು ಆಳಕ್ಕೆ ಹೂಳಿ ದಿನಾ ನೀರು ಹಾಕಿ ಎಂದು ಅಚ್ಚಾಗಿದೆ. ಎರಡು ಗಡ್ಡೆಯನ್ನು ಹಾಗೇ ನೆಟ್ಟೆ. ಆರಿದ್ರ ಮಳೆ ಮುಗಿಯುವಷ್ಟರಲ್ಲಿ ಅವು ಕೊಳೆತು ಗಂಜಿಯಾಗಿದ್ದವು. ಉಳಿದ ನಾಲ್ಕನ್ನು ನನಗೆ ಗೊತ್ತಿದ್ದ ಹಾಗೆ ಕುಂಡದಲ್ಲಿಟ್ಟೆ. ಅರ್ಧ ಮರಳು, ಅರ್ಧ ಎಲೆಗೊಬ್ಬರ. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ. ಮಳೆಗಾಲದಲ್ಲಿ ಸೂರಿನಡಿಗೆ, ಮಳೆ ಬಿಟ್ಟ ಮೇಲೆ ಬಿಸಿಲಿಗೆ, ಡಿಸೆಂಬರಿನಿಂದ ನೀರು ಬಂದ್. ಚಿಗುರು ಇಣುಕಿದ ಮೇಲೇ ಮತ್ತೆ ನೀರು ತೋರಿಸಿದ್ದು. ಎಲೆ ಹಸಿರಿರುವಾಗ ಕತ್ತರಿಸಲಿಲ್ಲ, ಮುಂದಿನ ಹೂವಿಗೆ ಗಡ್ಡೆ ತುಂಬುವುದು ಆ ಎಲೆಯಿಂದಲೇ. ಎರಡೂ ಜಾತಿಗೆ ಆರೈಕೆ ಸರಿಸುಮಾರು ಇದೇ ಆದ್ದರಿಂದ ನಾಲ್ಕಾದರೂ ಬದುಕಿದವು. ಕಾರ್ಡಿನಲ್ಲಿ ಇರಲೇಬೇಕಾದ ಒಂದು ಮಾತು ಮಾತ್ರ ಇಲ್ಲ: ಈ ಗಡ್ಡೆಗಳಲ್ಲಿ ಲೈಕೊರಿನ್ ಎಂಬ ವಿಷವಿದೆ. ನೋಡಲು ಈರುಳ್ಳಿಯಂತಿರುತ್ತವೆ, ಮನೆಯಲ್ಲಿ ಮಕ್ಕಳು, ನಾಯಿ ಇರುತ್ತವೆ.

ಮೊನ್ನೆ ಫೋನ್ ಮಾಡಿದರೆ ನಿಮ್ಮ ಹುಡುಗ ‘ವಾಪಸಾತಿ ಅವಧಿ 7 ದಿನ ಮೇಡಂ’ ಎಂದ. ಸೀರೆಯಾದರೆ ಬಿಚ್ಚಿ ನೋಡಿ ಸಂಜೆಯೇ ಹಿಂದಿರುಗಿಸಬಹುದು. ಹದಿನಾಲ್ಕು ತಿಂಗಳಿಗೆ ಮುಖ ತೋರಿಸುವ ಗಡ್ಡೆಗೆ ಏಳು ದಿನದ ಲೆಕ್ಕ ಯಾವುದು? ಜಾಹೀರಾತಿನಲ್ಲಿ ತೋರಿಸಿದ ಗುಣ ಇಲ್ಲದ ಸರಕನ್ನು ಮಾರಾಟಗಾರರು ಹಿಂದಕ್ಕೆ ಪಡೆಯುವುದಿಲ್ಲ ಎನ್ನುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳಲ್ಲೇ ಇದೆ. ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕೆಂದೂ ಇದೆ. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಹೇಗೂ ತಿಂಗಳಿಗೊಮ್ಮೆ ಹಾಸನಕ್ಕೆ ಹೋಗುವುದಿರುತ್ತದೆ.

ನನ್ನ 2,220 ರೂಪಾಯಿ ಪೂರ್ತಿ ವಾಪಸು ಮಾಡಿ, ಆ ಕಾರ್ಡು ತಿದ್ದಿಸಿ. ಕೂಪನ್ ಬೇಡ. ಬದಲಿ ಗಡ್ಡೆಯಂತೂ ಬೇಡವೇ ಬೇಡ. ಅದು ಏನೆಂದು ತಿಳಿಯಲು ನಾನು ಇನ್ನೊಂದು ಹೂಮಳೆ ಕಾಯಬೇಕಾಗುತ್ತದೆ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲು, ಕಾರ್ಡಿನ ಪ್ರತಿ, ಎಲೆ ಮತ್ತು ಹೂವಿನ ಫೋಟೋಗಳು, ಜುಲೈ ತಿಂಗಳ ನಿಮ್ಮ ಉತ್ತರ.