ಇಲೆಕ್ಸ್ ಸ್ಕ್ವಿಡ್ ಮಾಹಿತಿ ಹಾಕುವವರಿಗೆ

ಗೆಳೆಯರೇ, ನೈಋತ್ಯ ಅಟ್ಲಾಂಟಿಕ್‌ನ ಇಲೆಕ್ಸ್ ಅರ್ಜೆಂಟಿನಸ್ ಅನ್ನೋ ಸ್ಕ್ವಿಡ್ ಬಗ್ಗೆ ಅಂಕಿಅಂಶ ಹಾಕುವಾಗ ಮ್ಯಾಂಟಲ್ (ತಲೆ, ತೋಳು ಬಿಟ್ಟು ಉಳಿದ ಕೊಳವೆಯಂಥ ದೇಹ) ಉದ್ದ ಮಾತ್ರ ಬರೆಯಿರಿ, ತೋಳಿನ ತುದಿವರೆಗೆ ಅಳೆದದ್ದನ್ನು ಹೋಲಿಸೋಕೆ ಆಗಲ್ಲ. ಗಂಡೋ ಹೆಣ್ಣೋ ಅನ್ನೋದೂ ಬೇಕು, ಹೆಣ್ಣುಗಳೇ ಜಾಸ್ತಿ ದೊಡ್ಡದಾಗುತ್ತವೆ.

ಗಾತ್ರ ನೋಡಿ ಸುಮ್ನೆ ವಯಸ್ಸು ಊಹಿಸಬೇಡಿ. ತಲೆಯೊಳಗೆ ಸ್ಟ್ಯಾಟೊಲಿತ್ ಅನ್ನೋ ಪುಟ್ಟ ಸುಣ್ಣದ ಕಲ್ಲಿದೆ, ಅದರಲ್ಲಿ ದಿನಕ್ಕೊಂದು ಉಂಗುರ ಬೀಳುತ್ತದೆ, ಅದನ್ನು ಎಣಿಸಿಯೇ ವಯಸ್ಸು ಹೇಳಬೇಕು.

ಇದರ ಆಯಸ್ಸೇ ಸುಮಾರು 1 ವರ್ಷ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಹಳೆಯ ಪೀಳಿಗೆ ಅಂತ ಕೈಯಲ್ಲಿ ಏನೂ ಉಳಿಯಲ್ಲ, ಹಾಗಾಗಿ ರಾತ್ರಿ ದೀಪ ಹಾಕಿ ಗಾಳದಲ್ಲಿ ಹಿಡಿಯುವ ಹಡಗುಗಳು ಈ ವರ್ಷ ಅತಿಯಾಗಿ ಬಾಚಿಕೊಂಡರೆ ಮುಂದಿನ ವರ್ಷಕ್ಕೇ ಹೊಡೆತ ಬೀಳಬಹುದು, ಅಲ್ವಾ? ಬರೀ ಎಷ್ಟು ಟನ್ ಸಿಕ್ಕಿತು ಅಂತ ಹಾಕದೆ, ಮೊಟ್ಟೆಯಿಡಲು ಎಷ್ಟು ಉಳಿದಿದೆ ಅನ್ನೋ ಅಂದಾಜು ಸಿಕ್ಕರೆ ಖಂಡಿತ ಸೇರಿಸಿ.